ಕಾನೂನನ್ನು ಊರಿನತ್ತ ತಿರುಗಿಸಿದ ಗುರು



ಮಾಗಡಿ ರಸ್ತೆಯಿಂದ ಬೆಂಗಳೂರನ್ನು ಹೊಕ್ಕರೆ ಸಮೀಪದಲ್ಲೇ ನಾಗರಭಾವಿ. ಅಲ್ಲಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿ ಬೆಳೆಸಿದವರು ಪ್ರೊ. ಎನ್.ಆರ್. ಮಾಧವ ಮೆನನ್. 1988ರಲ್ಲಿ ಅದರ ಮೊದಲ ತಂಡಕ್ಕೆ ಐದು ವರ್ಷಗಳ ವ್ಯಾಸಂಗ ಆರಂಭವಾಯಿತು. ಬಡವರಿಗೆ ನೀಡುವ ಕಾನೂನು ನೆರವೂ ಪಾಠದ ಭಾಗವಾಗಬೇಕೆಂದು ಅವರು ಶ್ರಮಿಸಿದರು. ಹೊಲ ತುಳಿಯದೆ ಕೃಷಿವಿಜ್ಞಾನ ಬಾರದು. ನೊಂದವರ ಮಾತು ಕೇಳದೆ ನ್ಯಾಯಶಾಸ್ತ್ರವೂ ಬಾರದು. 2019ರ ಮೇ 8ರಂದು ಅಗಲಿದ ಅವರನ್ನು ಶಿಷ್ಯರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ.

ನಮ್ಮ ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಇಂತಹ ಆದೇಶದಿಂದ ಮೇವು, ಸೌದೆ, ಕಾಲುದಾರಿಗಳಿಗೆ ಏನಾಗುವುದೆಂದು ಬೆಟ್ಟದಡಿಯ ರೈತರಿಗೆ ಬಿಡಿಸಿ ಹೇಳುವವರಾರು? ಕನಕಪುರ, ಚನ್ನಪಟ್ಟಣಗಳಿಂದ ಕಾನೂನು ಕಲಿಯಹೋದ ಮಕ್ಕಳು ಮರಳಿ ಬಂದು, ಗ್ರಾಮಸಭೆಯಲ್ಲಿ ಕುಳಿತು, ಆ ಕಾಗದವನ್ನು ತಿಳಿಗನ್ನಡದಲ್ಲಿ ಓದಿ ಹೇಳಲಿ. ಆ ಗುರುವಿಗೆ ಸಲ್ಲುವ ಸ್ಮರಣೆ ಅದೇ.