ಸಂಕರದ ಬೀಜದಲ್ಲಿ ಗುಣಗಳನ್ನು ಮುಂದಾಗಿ ಅರಿಯುವ ಬಗೆ



ಬಿತ್ತಿದಂತೆ ಬೆಳೆ ಎಂಬ ಗಾದೆಯು ಎಲ್ಲರೂ ಬಲ್ಲದ್ದೇ. ಆದರೆ ಸಂಕರದ ಬೀಜದ ವಿಷಯದಲ್ಲಿ ಇದನ್ನು ಎಚ್ಚರದಿಂದ ಅರ್ಥಮಾಡಿಕೊಳ್ಳತಕ್ಕದ್ದು. ಕೊಂಡುತಂದ ಸಂಕರ ಮುಸುಕಿನ ಜೋಳವು ಮೊದಲನೆಯ ಸಲ ಸಮನಾಗಿಯೂ ಹುಲುಸಾಗಿಯೂ ಬರುವುದು. ಅದೇ ಫಸಲಿನ ತೆನೆಗಳನ್ನು ಬೀಜಕ್ಕೆಂದು ಕಾದಿರಿಸಿ ಬಿತ್ತಿದರೆ ಪೈರು ಏರುಪೇರಾಗಿ, ಇಳುವರಿಯು ಕುಗ್ಗುವುದು. ಇದು ಭೂಮಿಯ ದೋಷವೂ ಅಲ್ಲ, ದೈವದ ಮುನಿಸೂ ಅಲ್ಲ, ವಂಶಪಾರಂಪರ್ಯದ ನಿಯಮ.

ಈ ನಿಯಮವನ್ನು ಕಂಡುಹಿಡಿದವರು ಗ್ರೆಗೊರ್ ಮೆಂಡೆಲ್ ಎಂಬ ಪಾದ್ರಿಗಳು. ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಬ್ರುನ್ ಪಟ್ಟಣದ ಮಠದ ತೋಟದಲ್ಲಿ ಅವರು 1856 ರಿಂದ 1863 ರವರೆಗೆ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿದರು. ಅವರ ಲೇಖನವು 1866 ರಲ್ಲಿ ಅಚ್ಚಾಯಿತು. ವಿದ್ವಾಂಸರು ಅದರ ಬೆಲೆಯನ್ನರಿತುದು 1900 ರಲ್ಲಿ.

ಎತ್ತರದ ಬಟಾಣಿಯನ್ನು ಗಿಡ್ಡ ಬಟಾಣಿಯೊಡನೆ ಕೂಡಿಸಲು, ಮೊದಲನೆಯ ತಲೆಮಾರಿನ ಗಿಡಗಳೆಲ್ಲವೂ ಎತ್ತರವಾದುವು. ಅವುಗಳ ಬೀಜವನ್ನು ಬಿತ್ತಲು, 1,064 ಗಿಡಗಳಲ್ಲಿ 787 ಎತ್ತರವಾಗಿಯೂ 277 ಗಿಡ್ಡವಾಗಿಯೂ ಬಂದುವು. ಎಂದರೆ ಸುಮಾರು ಮೂರಕ್ಕೆ ಒಂದು.

ಇದರ ಕಾರಣವು ಸುಲಭವಾದುದು. ಇಂತಹ ಒಂದೊಂದು ಗುಣಕ್ಕೂ ಗಿಡದಲ್ಲಿ ಎರಡು ಅಂಶಗಳಿರುವುವು. ಒಂದು ತಾಯಿಯಿಂದ, ಒಂದು ತಂದೆಯಿಂದ. ಎತ್ತರದ ಅಂಶವು ಪ್ರಬಲ, ಗಿಡ್ಡದ್ದು ಅಡಗಿರತಕ್ಕದ್ದು. ಸಂಕರದ ಗಿಡದಲ್ಲಿ ಎರಡೂ ಇರುವುದರಿಂದ, ಅದರ ಸಂತತಿಯು ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದಂತೆ. ನಾಲ್ಕು ಪಾಲಿನಲ್ಲಿ ಒಂದು ಶುದ್ಧ ಎತ್ತರ, ಎರಡು ಮಿಶ್ರ, ಒಂದು ಶುದ್ಧ ಗಿಡ್ಡ. ಮಿಶ್ರವೂ ಎತ್ತರವಾಗಿಯೇ ಕಾಣುವುದರಿಂದ ಕಣ್ಣಿಗೆ ಮೂರಕ್ಕೊಂದು ತೋರುವುದು.

ನಮ್ಮ ರಾಗಿಯಲ್ಲಿಯೂ ಈ ಲೆಕ್ಕವು ಉಪಯೋಗಕ್ಕೆ ಬಂದಿದೆ. ರಾಗಿಯ ಹೂವು ಬಹು ಚಿಕ್ಕದು; ತನ್ನ ಪರಾಗದಿಂದಲೇ ಕಾಳುಕಟ್ಟುವುದು. ಹಸುರು ಗಿಡವನ್ನು ತಾಯಿಯಾಗಿಯೂ ನೇರಳೆ ಬಣ್ಣದ ಶುದ್ಧ ಗಿಡವನ್ನು ತಂದೆಯಾಗಿಯೂ ಇಟ್ಟುಕೊಂಡರೆ, ನೇರಳೆ ಬಣ್ಣವು ಪ್ರಬಲವಾದುದರಿಂದ, ಸಂತತಿಯಲ್ಲಿ ನೇರಳೆಯಾದುವೇ ನಿಜವಾದ ಸಂಕರಗಳು. ಹಸುರಾದುವು ತಾಯಿಯ ಸ್ವಂತ ಪರಾಗದವು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಸಿದ್ಧಪಡಿಸಿದರು.

ಮೆಚ್ಚಿದ ಗಿಡವು ಶುದ್ಧವೋ ಮಿಶ್ರವೋ ಎಂದು ನೋಟದಿಂದ ತಿಳಿಯದು. ತನ್ನ ಪರಾಗದಿಂದಲೇ ಫಲಿಸುವ ಬೆಳೆಯಾದರೆ, ಒಂದೊಂದು ಗಿಡದ ಬೀಜವನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತಿ ಪರೀಕ್ಷಿಸತಕ್ಕದ್ದು. ಸಾಲಿನ 20 ಗಿಡಗಳೂ ಪ್ರಬಲ ಗುಣವನ್ನೇ ತೋರಿದರೆ ತಾಯಿಗಿಡವು ಶುದ್ಧವೆಂದು ನಂಬಬಹುದು; ಮಿಶ್ರ ಗಿಡವು ಹೀಗೆ ಮೋಸಗೊಳಿಸುವುದು ಸಾವಿರಕ್ಕೆ ಸುಮಾರು ಮೂರು ಸಲ ಮಾತ್ರ. ಆಯ್ಕೆಮಾಡದೆ ಬಿಟ್ಟರೂ ಇಂತಹ ಬೆಳೆಯಲ್ಲಿ ಮಿಶ್ರದ ಪಾಲು ತಲೆಮಾರಿಗೆ ಅರ್ಧದಂತೆ ಇಳಿಯುವುದು.

ಒಂದು ಎಚ್ಚರಿಕೆಯುಂಟು. ಇಳುವರಿಯು ಅನೇಕ ಅಂಶಗಳಿಂದಲೂ ಗೊಬ್ಬರ ನೀರುಗಳಿಂದಲೂ ಆಗತಕ್ಕದ್ದು. ಅದಕ್ಕೆ ಮೂರಕ್ಕೊಂದರ ಲೆಕ್ಕವು ಸಲ್ಲದು. ತಿಪ್ಪೆಯ ಬಳಿ ಬೆಳೆದ ದಪ್ಪ ತೆನೆಯ ದೊಡ್ಡತನವು ಗೊಬ್ಬರದ್ದೇ ಆದರೆ ಅದು ಮಕ್ಕಳಿಗೆ ಇಳಿಯದು. ಆದುದರಿಂದ ಬೀಜದ ತೆನೆಯನ್ನು ಹೊಲದ ನಡುವೆ, ಸಮನಾದ ನೆಲದಲ್ಲಿ ಆರಿಸುವುದು ಲೇಸು.

ಶುದ್ಧ ತಳಿಯ ರಾಗಿ, ಭತ್ತಗಳ ಬೀಜವನ್ನು ಮನೆಯಲ್ಲಿಯೇ ಕಾಪಾಡಬಹುದು. ಸಂಕರದ ಬೀಜವನ್ನು ಪ್ರತಿ ಸಲವೂ ಹೊಸದಾಗಿ ತರಬೇಕು. ಯಾವುದು ಶುದ್ಧ, ಯಾವುದು ಸಂಕರ ಎಂಬುದನ್ನು ಚೀಲದ ಚೀಟಿಯಿಂದ ತಿಳಿದು, ಓದಲಾರದ ನೆರೆಯವರಿಗೂ ಮುಖಂಡರು ಬಿತ್ತನೆಗೆ ಮೊದಲೇ ತಿಳಿಸಿದರೆ, ಒಂದು ವರ್ಷದ ದುಡಿಮೆಯು ಹಾಳಾಗದೆ ಉಳಿಯುವುದು.