ತೆಳುತಂತಿಯ ವಿಚಾರ



ಶಿವಮೊಗ್ಗದ ಗಾಂಧಿ ಬಜಾರಿನ ಕಡೆಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿ, ‘ಸಣ್ಣ ವೈರು ನಾಲ್ಕು ಮೀಟರು ಕೊಡಿ’ ಎಂದು ಹುಡುಗನೊಬ್ಬನು ಕೇಳಿದನೆನ್ನಿ. ಅನುಭವವುಳ್ಳ ಅಂಗಡಿಯವರಾದರೆ ಸುರುಳಿಗೆ ಕೈಹಾಕುವ ಮೊದಲು ‘ಯಾತಕ್ಕಪ್ಪಾ?’ ಎಂದು ಕೇಳುತ್ತಾರೆ. ಹುಡುಗನಿಗೆ ಈ ಪ್ರಶ್ನೆ ಅನಾವಶ್ಯಕವೆಂದು ತೋರುತ್ತದೆ. ವೈರೆಂದರೆ ವೈರು, ಅದರಲ್ಲಿ ಯಾತಕ್ಕೆಂಬುದೇನು? ಆದರೆ ತಂತಿಯನ್ನು ಕೊಳ್ಳುವವನು ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಈ ತಂತಿಯು ಒಂದೆಡೆಯಲ್ಲಿ ಸುಮ್ಮನೆ ಕುಳಿತಿರತಕ್ಕದ್ದೋ, ದಿನವೂ ಬಾಗಿ ಏಳತಕ್ಕದ್ದೋ? ಅದರಲ್ಲಿ ಹರಿಯುವ ವಿದ್ಯುತ್ತು ಎಷ್ಟು? ಅದು ಒಣಗಿದ ಪೆಟ್ಟಿಗೆಯೊಳಗಿರುವುದೋ, ಮಲೆನಾಡಿನ ಮಳೆಗೆ ಒಡ್ಡಿಕೊಂಡಿರುವುದೋ? ಇಷ್ಟನ್ನು ತಿಳಿದ ಮೇಲೆ ಯಾವ ತಂತಿಯೆಂಬುದು ಮುಕ್ಕಾಲು ಪಾಲು ತಾನಾಗಿಯೇ ನಿಶ್ಚಯವಾಗುತ್ತದೆ.

ಎಲೆಕ್ಟ್ರಾನಿಕ್ ಉಪಕರಣಗಳನ್ನು ಮನೆಯಲ್ಲಿಯೇ ಕಟ್ಟುವ ಹವ್ಯಾಸವು ನಮ್ಮ ಊರುಗಳಲ್ಲಿ ಈಗ ಚೆನ್ನಾಗಿ ಹರಡಿದೆ. ಟ್ರಾನ್ಸಿಸ್ಟರಿನ ವಿಷಯವಾಗಿ ಹತ್ತು ಪುಟಗಳನ್ನು ಶ್ರದ್ಧೆಯಿಂದ ಓದುವ ವಿದ್ಯಾರ್ಥಿಯು ತಂತಿಗಾಗಿ ಹತ್ತು ನಿಮಿಷವನ್ನೂ ವ್ಯಯಮಾಡುವುದಿಲ್ಲ. ಮೂಲೆಯಲ್ಲಿ ಬಿದ್ದ ಹಳೆಯ ಚಾರ್ಜರಿನ ಬಾಲವನ್ನು ಕತ್ತರಿಸಿ ಕೆಲಸ ಸಾಗಿಸಿಬಿಡುತ್ತಾನೆ. ವಿದ್ಯಾರ್ಥಿಗಳು ಕಟ್ಟಿದ ಉಪಕರಣಗಳನ್ನು ಪರೀಕ್ಷಿಸುವುದು ನಮ್ಮ ವೃತ್ತಿಯ ಒಂದು ಭಾಗ. ಹಿಂದಿನ ದಿನ ಸರಿಯಾಗಿದ್ದ ಉಪಕರಣವು ಪ್ರದರ್ಶನದ ದಿನ ಮೂಕವಾದರೆ, ನಾವು ಮೊದಲು ನೋಡುವುದು ತಂತಿಯ ಕೊನೆಗಳನ್ನು. ಬಹುಮಟ್ಟಿಗೆ ದೋಷ ಅಲ್ಲಿಯೇ ಸಿಕ್ಕುತ್ತದೆ. ಹೋದದ್ದು ಎರಡು ರೂಪಾಯಿಯ ತಂತಿಯಾದರೂ, ಅದನ್ನು ಕಟ್ಟಿದ ಹುಡುಗನು ‘ಈ ವಿದ್ಯೆ ನನ್ನ ತಲೆಗೆ ಹತ್ತುವುದಲ್ಲ’ ಎಂದುಕೊಂಡು ಕೈಬಿಡುತ್ತಾನೆ. ನಷ್ಟವೆಂದರೆ ಅದು.

ಹವ್ಯಾಸವೆಂದು ಇದನ್ನು ಹಗುರಮಾಡಲೂ ಆಗದು. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. 30 ವ್ಯಾಟಿನ ಸಣ್ಣ ಪ್ರೇಷಕಯಂತ್ರವನ್ನು ತಮ್ಮ ಮನೆಯಲ್ಲಿಯೇ ಇಟ್ಟು ಪ್ರಸಾರಮಾಡಿದರು.

ಇನ್ನು ವಿಷಯಕ್ಕೆ ಬರೋಣ. ತಂತಿಯು ಬಾಗಿದಾಗ ಆಗುವುದೇನು? ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಈ ಹಿಗ್ಗು ತಂತಿಯ ದಪ್ಪವನ್ನೂ ಬಾಗಿನ ತ್ರಿಜ್ಯವನ್ನೂ ಅನುಸರಿಸಿರುತ್ತದೆ. 0.64 ಮಿಲಿಮೀಟರು ದಪ್ಪದ ಒಂಟಿತಂತಿಯನ್ನು 5 ಮಿಲಿಮೀಟರು ತ್ರಿಜ್ಯಕ್ಕೆ ಬಾಗಿಸಿದರೆ ಅದರ ಹೊರಮೈ ನೂರಕ್ಕೆ ಆರು ಪಾಲಿಗಿಂತ ಹೆಚ್ಚಾಗಿ ಹಿಗ್ಗಬೇಕಾಗುತ್ತದೆ. 0.2 ಮಿಲಿಮೀಟರಿನ ಎಳೆಯಾದರೆ ಎರಡು ಪಾಲು, 0.08ರದಾದರೆ ಒಂದು ಪಾಲಿಗೂ ಕಡಿಮೆ. ತಾಮ್ರವು ಮೃದುವಾದ ಲೋಹವಾದುದರಿಂದ ಒಮ್ಮೆ ಬಾಗಿದ ಮಾತ್ರಕ್ಕೆ ತುಂಡಾಗುವುದಿಲ್ಲ. ಆದರೆ ಪ್ರತಿಸಲದ ಹಿಗ್ಗುಕುಗ್ಗಿನಿಂದಲೂ ಸ್ವಲ್ಪ ಸ್ವಲ್ಪವಾಗಿ ಪೆಡಸಾಗಿ ಕೊನೆಗೆ ಬಿರಿಯುತ್ತದೆ. ಆದುದರಿಂದಲೇ ಅಷ್ಟೇ ತಾಮ್ರವನ್ನು ಒಂದು ಕಡ್ಡಿಯಾಗಿ ಎಳೆಯದೆ ಹತ್ತಾರು ಎಳೆಗಳಾಗಿ ಎಳೆದು ಹೊಸೆಯುವುದು. ತೆಂಗಿನ ನಾರಿನ ಹಗ್ಗವನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಅಂಗಡಿಯ ಮಾತಿನಲ್ಲಿ ‘ಹದಿನಾಲ್ಕು ಎಪ್ಪತ್ತಾರು’, ‘ಇಪ್ಪತ್ಮೂರು ಎಪ್ಪತ್ತಾರು’, ‘ನಲವತ್ತು ಎಪ್ಪತ್ತಾರು’ ಎಂಬ ಹೆಸರುಗಳನ್ನು ಕೇಳಿರಬಹುದು. 14/76 ಎಂದು ಬರೆಯುತ್ತಾರೆ. ಇದು ಮಂತ್ರವೇನಲ್ಲ. ಮೊದಲನೆಯದು ಎಳೆಗಳ ಸಂಖ್ಯೆ. ಎರಡನೆಯದು ಒಂದೊಂದು ಎಳೆಯ ದಪ್ಪ, ಅಂಗುಲದ ಹತ್ತು ಸಾವಿರದಲ್ಲಿ 76 ಭಾಗ, ಎಂದರೆ ಸುಮಾರು 0.19 ಮಿಲಿಮೀಟರು. ಹಳೆಯ ಬ್ರಿಟಿಷ್ ಗೇಜಿನಲ್ಲಿ ಈ ದಪ್ಪಕ್ಕೆ 36 ಎಂದು ಅಂಕೆಯಿರುವುದರಿಂದ ಕೆಲವರು 14/36 ಎಂದೂ ಹೇಳುತ್ತಾರೆ. ಎರಡೂ ಒಂದೇ ಸಾಮಾನು. ಈಚೆಗೆ 7/0.2, 7/0.1 ಎಂದು ಮಿಲಿಮೀಟರಿನಲ್ಲಿಯೇ ಹೇಳುವ ರೂಢಿಯೂ ಬಂದಿದೆ. ಈ ಲೆಕ್ಕವನ್ನು ಅರಿತವನು ‘ಸಣ್ಣ ವೈರು’ ಎಂದು ಕೇಳದೆ ಅಂಗಡಿಯವರ ಭಾಷೆಯಲ್ಲಿಯೇ ಕೇಳಿ ತರಬಹುದು.

ತೆಳುವಾದಷ್ಟೂ ಒಳ್ಳೆಯದೆಂದು ಇದರಿಂದ ತಿಳಿಯಬಾರದು. ತಾಮ್ರ ಕಡಿಮೆಯಾದಂತೆ ರೋಧವು ಹೆಚ್ಚುತ್ತದೆ. 5 ವೋಲ್ಟಿನ ಉಪಕರಣವೊಂದಕ್ಕೆ 1 ಆಂಪಿಯರು ಬೇಕಾಗಿದ್ದು, ಅದನ್ನು ಒಂದು ಮೀಟರು ದೂರದಿಂದ ತರಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಹೋಗಲು ಒಂದು, ಬರಲು ಒಂದು, ಒಟ್ಟು ಎರಡು ಮೀಟರು ತಂತಿ. 7/0.1ರ ತಂತಿಯಾದರೆ ಅದರ ರೋಧ ಸುಮಾರು 0.63 ಓಮ್, ಉಪಕರಣವನ್ನು ಮುಟ್ಟುವ ವೇಳೆಗೆ 5 ವೋಲ್ಟು 4.37ಕ್ಕೆ ಇಳಿದಿರುತ್ತದೆ. 14/76ರಲ್ಲಾದರೆ ನಷ್ಟವು 0.08 ವೋಲ್ಟಿನಷ್ಟು ಮಾತ್ರ. ಸಂವೇದಕದಿಂದ ಬರುವ ಅತ್ಯಲ್ಪ ಪ್ರವಾಹಕ್ಕೆ ತೆಳುತಂತಿ ಸಾಕು. ಮೋಟಾರಿಗೂ ದೀಪದ ಸಾಲಿಗೂ ಅದನ್ನೇ ಹಾಕುವುದು ಸರಿಯಲ್ಲ. ಮೇಜಿನ ಮೇಲೆ ಸರಿಯಾಗಿದ್ದ ಉಪಕರಣವು ತಂತಿ ಉದ್ದವಾದೊಡನೆ ಹುಚ್ಚುಹುಚ್ಚಾಗಿ ವರ್ತಿಸಿದರೆ ಕಾರಣವು ಅನೇಕವೇಳೆ ಇದೇ.

ತಾಮ್ರವು ತಾಮ್ರವೇ ಹೌದೋ ಎಂಬುದನ್ನೂ ನೋಡಿಕೊಳ್ಳಬೇಕಾದ ಕಾಲ ಬಂದಿದೆ. ಒಳಗೆ ಅಲ್ಯೂಮಿನಿಯಂ, ಹೊರಗೆ ತಾಮ್ರದ ತೆಳುಲೇಪ. ಇಂಥ ತಂತಿ ಅಗ್ಗದ ಸುರುಳಿಗಳಲ್ಲಿ ಧಾರಾಳವಾಗಿದೆ. ಚೂರಿಯಿಂದ ಒಂದೆಳೆಯನ್ನು ಕೆರೆದರೆ ಬಿಳುಪು ಕಾಣುತ್ತದೆ. ಸುರುಳಿಯನ್ನು ಕೈಯಲ್ಲಿ ತೂಗಿದರೂ ಹಗುರವಾಗಿರುವುದು ತಿಳಿಯುತ್ತದೆ. ಅಲ್ಯೂಮಿನಿಯಮ್ಮನ್ನು ನಾವು ದೂಷಿಸುವುದಿಲ್ಲ. ಜೋಗದ ವಿದ್ಯುತ್ತನ್ನು ಬೆಟ್ಟಗಳ ಮೇಲೆ ಹಾಯಿಸುವಂಥ ದೊಡ್ಡ ಮಾರ್ಗಗಳಿಗೆ ಅದರ ಹಗುರವೇ ಗುಣ. ಆದರೆ ಅದರ ಮೈಮೇಲೆ ಕಟ್ಟುವ ಆಕ್ಸೈಡಿನ ಪೊರೆಯು ನಮ್ಮ ಸಾಮಾನ್ಯ ಬೆಸುಗೆಯನ್ನು ಹಿಡಿಯಗೊಡುವುದಿಲ್ಲ. ತೆಳುವಾದ ಎಳೆಗಳು ಬೇಗ ಮುರಿಯುತ್ತವೆ. ಮೊಸಳೆಬಾಯಿಯ ಕ್ಲಿಪ್ಪಿನ ಅಗ್ಗದ ತಂತಿಗಳಲ್ಲಿ ಒಮ್ಮೊಮ್ಮೆ ಉಕ್ಕಿನ ಎಳೆಗಳೇ ಇರುತ್ತವೆ. ಒಂದು ಚಿಕ್ಕ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಅಂಗಡಿಯಲ್ಲಿಯೇ ನಿಶ್ಚಯಿಸಬಹುದು. 1923ರಿಂದ ಕಬ್ಬಿಣವನ್ನು ಕರಗಿಸಿದ ಭದ್ರಾವತಿಯು ನಮ್ಮ ಪಕ್ಕದಲ್ಲಿಯೇ ಇದೆ. ಕಬ್ಬಿಣ ನೋಡಬೇಕೆನ್ನುವವರು ಅಲ್ಲಿಗೆ ಹೋಗಲಿ, ತಂತಿಯಲ್ಲಿ ಅದು ಬೇಡ.

ಭದ್ರಾವತಿಯೆಂದೊಡನೆ ರೇಡಿಯೋ ನೆನಪಿಗೆ ಬರುತ್ತದೆ. ಮಧ್ಯಮತರಂಗದ 675 ಕಿಲೋಹರ್ಟ್ಸ್ ಎಂದರೆ ಈ ಪ್ರಾಂತದ ಹಿರಿಯರಿಗೆ ಭದ್ರಾವತಿ ಆಕಾಶವಾಣಿಯೇ. ಆ ತರಂಗವನ್ನು ಹಿಡಿಯುವ ಸಣ್ಣ ಗ್ರಾಹಕಯಂತ್ರವನ್ನು ಕಟ್ಟಬೇಕೆನ್ನುವವರು ತಂತಿಯ ಇನ್ನೊಂದು ಸ್ವಭಾವವನ್ನು ತಿಳಿಯಬೇಕು. ದಿಕ್ಕು ಬದಲಿಸುವ ವಿದ್ಯುತ್ತು ವೇಗವಾದಷ್ಟೂ ತಂತಿಯ ಒಡಲನ್ನು ಬಿಟ್ಟು ತೊಗಲಿಗೆ ಸರಿಯುತ್ತದೆ. 675 ಕಿಲೋಹರ್ಟ್ಸಿನಲ್ಲಿ ತಾಮ್ರದೊಳಗೆ ಅದರ ಆಳ ಸುಮಾರು 0.08 ಮಿಲಿಮೀಟರು ಮಾತ್ರ. ಆದುದರಿಂದ ದಪ್ಪತಂತಿಯ ನಡುವಣ ತಾಮ್ರವು ಬಹುಮಟ್ಟಿಗೆ ವ್ಯರ್ಥ. ಹಾಗಾದರೆ ಎಳೆತಂತಿಯಿಂದ ಸುರುಳಿ ಸುತ್ತಬಹುದಲ್ಲ ಎನ್ನುವಿರಾ? ಸಾಮಾನ್ಯ ಎಳೆತಂತಿಯಲ್ಲಿ ಎಳೆಗಳು ಒಂದನ್ನೊಂದು ಮುಟ್ಟಿಕೊಂಡು ಒಂದೇ ಕಡ್ಡಿಯಂತೆ ವರ್ತಿಸುತ್ತವೆ, ಪ್ರಯೋಜನವಿಲ್ಲ. ಒಂದೊಂದು ಎಳೆಗೂ ಎನಾಮೆಲಿನ ಲೇಪವಿದ್ದು, ಎಲ್ಲ ಎಳೆಗಳೂ ಸರದಿಯಂತೆ ಒಳಕ್ಕೂ ಹೊರಕ್ಕೂ ಬರುವಂತೆ ಹೊಸೆದ ‘ಲಿಟ್ಸ್’ ತಂತಿಯೇ ಬೇಕು. ಅದನ್ನು ಬೆಸೆಯುವಾಗ ಒಂದೊಂದು ಎಳೆಯ ಲೇಪವೂ ಹೋಗಿರಬೇಕು. ಇಯರ್‌ಫೋನಿನ ಮುರಿದ ತಂತಿಯನ್ನು ಬೆಸೆಯಹೋಗಿ ‘ಹತ್ತುವುದೇ ಇಲ್ಲ’ ಎಂದು ಬೇಸತ್ತವರ ಕಷ್ಟವೂ ಈ ಲೇಪದ್ದೇ. ಕೆಲವು ಲೇಪಗಳು ಕಾದ ಐರನ್ನಿಗೇ ಕರಗುತ್ತವೆ. ಕರಗದವನ್ನು ನಯವಾದ ಮರಳುಕಾಗದದಿಂದ ಉಜ್ಜಬೇಕು.

ಬ್ರೆಡ್‌ಬೋರ್ಡಿನ ವಿಚಾರ ಬೇರೆ. ಅದರ ರಂಧ್ರಗಳಿಗೆ ಎಳೆತಂತಿ ಹೊಂದುವುದಿಲ್ಲ, ಕೆದರಿಕೊಳ್ಳುತ್ತದೆ. ಅಲ್ಲಿಗೆ ಅರ್ಧ ಮಿಲಿಮೀಟರಿನ ಒಂಟಿತಂತಿಯೇ ಯೋಗ್ಯ. ಕಂಪ್ಯೂಟರು ಜಾಲಕ್ಕೆ ಗೋಡೆಯಲ್ಲಿ ಹಾಯಿಸುವ ಕೇಬಲ್ಲಿನ ತುಂಡೊಂದು ದೊರೆತರೆ ಅದರೊಳಗೆ ಎಂಟು ಬಣ್ಣದ ಅಂಥ ತಂತಿಗಳಿರುತ್ತವೆ.

ಹೊದಿಕೆಯ ಮಾತು. ಸಾಧಾರಣ ಪಿ.ವಿ.ಸಿ. ಹೊದಿಕೆಯು ಅಗ್ಗ, ಆದರೆ ಬೆಸುಗೆಯ ಕಾವಿಗೆ ಹಿಂದಕ್ಕೆ ಮುದುಡಿ ತಾಮ್ರವನ್ನು ಬೆತ್ತಲೆಮಾಡುತ್ತದೆ. ಸಿಲಿಕೋನಿನ ಹೊದಿಕೆಯು ಕಾವನ್ನು ತಡೆಯುತ್ತದೆ. ತಂತಿಯೂ ದಾರದಂತೆ ಬಳುಕುತ್ತದೆ. ಬೆಲೆ ಹೆಚ್ಚು, ಮತ್ತು ಚೂಪಾದ ಅಂಚು ತಗುಲಿದರೆ ಸಲೀಸಾಗಿ ಹರಿಯುತ್ತದೆ. ಅಲುಗಾಡುವ ಭಾಗಕ್ಕೆ ಸಿಲಿಕೋನು, ಉಳಿದೆಡೆಗೆ ಪಿ.ವಿ.ಸಿ. ಎಂಬುದು ನಮ್ಮ ಪದ್ಧತಿ.

ಇಷ್ಟೆಲ್ಲ ವಿವೇಚಿಸಿ ತಂದ ತಂತಿಯೂ ಕೊನೆಯಲ್ಲಿ ಮುರಿಯುವುದುಂಟು. ಅದೂ ಬೆಸುಗೆಯಲ್ಲಲ್ಲ, ಬೆಸುಗೆಯಿಂದ ಒಂದೆರಡು ಮಿಲಿಮೀಟರು ಆಚೆಗೆ. ಕರಗಿದ ಬೆಸುಗೆಯು ದೀಪದ ಬತ್ತಿಯನ್ನು ಎಣ್ಣೆ ಏರುವಂತೆ ಎಳೆಗಳ ಸಂದಿಯಲ್ಲಿ ಏರಿಹೋಗುತ್ತದೆ. ಏರಿದಷ್ಟು ದೂರವೂ ಎಳೆಗಳೆಲ್ಲ ಅಂಟಿಕೊಂಡು ಒಂದೇ ಕಡ್ಡಿಯಾಗುತ್ತವೆ. ಪೆಡಸಾದ ಭಾಗವು ಮುಗಿದು ಮೃದುವಾದ ಭಾಗವು ಮೊದಲಾಗುವ ಆ ಗಡಿಯಲ್ಲಿ ಬಾಗೆಲ್ಲ ಒಟ್ಟುಗೂಡುತ್ತದೆ, ಅಲ್ಲಿಯೇ ಬಿರುಕು. ಹೊರಗಿನ ಹೊದಿಕೆ ನೆಟ್ಟಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಪರಿಹಾರವು ಒಳ್ಳೆಯ ಬೆಸುಗೆಯಲ್ಲಿಲ್ಲ, ಬೆಸುಗೆಗೆ ಬಾಗಿನ ಕೆಲಸವನ್ನು ಕೊಡದಿರುವುದರಲ್ಲಿದೆ. ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಸುಲಿಯಬಾರದು. ಬೆಸುಗೆಯನ್ನು ಬೇಗ ಮುಗಿಸಿ ಐರನ್ನನ್ನು ತೆಗೆಯಬೇಕು. ಹೊದಿಕೆಯಿರುವ ಭಾಗವನ್ನೇ ಫಲಕಕ್ಕೆ ದಾರದಿಂದ ಕಟ್ಟಿಯೋ, ಕಾವಿಗೆ ಕುಗ್ಗುವ ಕೊಳವೆಯನ್ನು ತೊಡಿಸಿಯೋ ಹಿಡಿದಿಡಬೇಕು. ಹಲ್ಲಿನಿಂದ ಹೊದಿಕೆಯನ್ನು ಸುಲಿಯುವ ಅಭ್ಯಾಸವನ್ನು ಬಿಡುವುದು ಲೇಸು. ಏಳೆಳೆಯಲ್ಲಿ ಒಂದೆಳೆ ಹೋದರೆ ಏಳರಲ್ಲೊಂದು ಪಾಲು ತಾಮ್ರ ಹೋದಂತೆ, ಉಳಿದವಕ್ಕೂ ಗಾಯವಾಗಿರುತ್ತದೆ. ತಿರುಪು ಹಾಕಿ ಬಿಗಿಯುವ ಕಡೆಗಳಲ್ಲಿ ತಂತಿಯ ತುದಿಗೆ ಬೆಸುಗೆ ಹಿಡಿಸುವುದೂ ತಪ್ಪು. ಬೆಸುಗೆಯು ಒತ್ತಡಕ್ಕೆ ಮೆಲ್ಲಮೆಲ್ಲನೆ ಸರಿದು ತಿರುಪು ಸಡಿಲವಾಗುತ್ತದೆ. ಅಲ್ಲಿಗೆ ಲೋಹದ ಚಿಕ್ಕ ಟೋಪಿಯನ್ನು ತೊಡಿಸಿ ಅಮುಕುವುದು ಸರಿ.

ಮಲೆನಾಡಿನವರಿಗೆ ವಿಶೇಷವಾಗಿ ಹೇಳಬೇಕಾದುದೊಂದಿದೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ತಂದೆಯ ಅಡಿಕೆ ತೋಟಕ್ಕಾಗಿ ಮಣ್ಣಿನ ತೇವವನ್ನು ತಿಳಿಸುವ ಉಪಕರಣವನ್ನು ಕಟ್ಟಿದಳು. ಬೇಸಗೆಯೆಲ್ಲ ಅದು ಚೆನ್ನಾಗಿ ನಡೆಯಿತು. ಮಳೆಗಾಲ ಮುಗಿಯುವ ವೇಳೆಗೆ ಬಾಯಿಗೆ ಬಂದಂತೆ ಅಂಕೆ ಹೇಳತೊಡಗಿತು. ಆಕೆ ಚಿಪ್ಪನ್ನು ಎರಡು ಸಲ ಬದಲಾಯಿಸಿದಳು. ತಂತಿಯನ್ನು ಸೀಳಿ ನೋಡಿದಾಗ ತುದಿಯಿಂದ ಒಂದು ಗೇಣಿನವರೆಗೂ ತಾಮ್ರವು ಹಸಿರುಕಪ್ಪಾಗಿತ್ತು. ಬತ್ತಿಯಲ್ಲಿ ಬೆಸುಗೆ ಏರಿದಂತೆ ಎಳೆಗಳ ನಡುವೆ ನೀರೂ ಏರುತ್ತದೆ. ಇಂಥ ಕಡೆಗೆ ತವರದ ಲೇಪವಿರುವ ಬಿಳಿಯ ಎಳೆಗಳ ತಂತಿಯನ್ನೇ ಕೊಳ್ಳಬೇಕು. ಬಿಳುಪೆಂದು ಅಲ್ಯೂಮಿನಿಯಮ್ಮಿಗೆ ಮೋಸಹೋಗಬಾರದು, ಕೆರೆದರೆ ಇದರೊಳಗೆ ಕೆಂಪು ಕಾಣುತ್ತದೆ. ತುದಿಗೆ ಅಂಟಿರುವ ಕೊಳವೆಯನ್ನು ತೊಡಿಸಬೇಕು. ಪೆಟ್ಟಿಗೆಯನ್ನು ಹೊಗುವ ಮೊದಲು ತಂತಿಯನ್ನು ಸ್ವಲ್ಪ ಕೆಳಕ್ಕೆ ಜೋಲಿಬಿಟ್ಟು ಮೇಲಕ್ಕೆ ತಂದರೆ ನೀರು ಜೋಲಿನಲ್ಲಿಯೇ ತೊಟ್ಟಿಕ್ಕುತ್ತದೆ. ಆ ತೋಟದಲ್ಲಿ ತಂತಿಯನ್ನು ಮಾತ್ರ ಬದಲಾಯಿಸಿದ ಮೇಲೆ ಉಪಕರಣವು ಮುಂದಿನ ಮಳೆಗಾಲವನ್ನು ದಾಟಿತು.

ಇಲ್ಲಿಯವರೆಗೆ ಹೇಳಿದುದೆಲ್ಲ ಬ್ಯಾಟರಿಯ ಅಲ್ಪ ವೋಲ್ಟಿಗೆ ಸಂಬಂಧಿಸಿದ್ದು. ಮನೆಯ 230 ವೋಲ್ಟಿಗೆ ಈ ತೆಳುತಂತಿಗಳನ್ನು ಎಂದಿಗೂ ತಗುಲಿಸಬಾರದು. ತಾಮ್ರವು ತಡೆದರೂ ಹೊದಿಕೆ ತಡೆಯಲಾರದು. ಅದು ಅಲ್ಲಿಗಾಗಿ ಮಾಡಿದ್ದಲ್ಲ. ಅಲ್ಲಿಗೆ ಐ.ಎಸ್. 694 ಎಂಬ ಗುರುತು ಮುದ್ರಿಸಿರುವ, ಮೇಲೊಂದು ದಪ್ಪ ಕವಚವಿರುವ ಮೂರೆಳೆಯ ಕೇಬಲ್ಲನ್ನೇ ತರಬೇಕು. ಪೆಟ್ಟಿಗೆಯು ಲೋಹದ್ದಾದರೆ ಹಸಿರುಹಳದಿಯ ಎಳೆಯನ್ನು ಅದಕ್ಕೆ ಬಿಗಿಯಬೇಕು. ತಕ್ಕ ಫ್ಯೂಸನ್ನು ಹಾಕಬೇಕು. ಯಾರಾದರೂ ಕೇಬಲ್ಲನ್ನು ಎಳೆದರೆ ಎಳೆತವು ಒಳಗಿನ ತಿರುಪುಗಳಿಗೆ ತಟ್ಟದಂತೆ ಪೆಟ್ಟಿಗೆಯ ಬಾಯಲ್ಲಿ ಅದನ್ನು ಹಿಡಿಕೆಯಿಂದ ಕಚ್ಚಿಸಬೇಕು. ಹುಡುಗರಾದರೆ ಈ ಭಾಗವನ್ನು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿರುವಾಗ ಮಾತ್ರ ಮಾಡಲಿ. ಅಂಥವರು ಮನೆಯಲ್ಲಿಲ್ಲದಿದ್ದರೆ ಸಿದ್ಧವಾಗಿ ದೊರೆಯುವ 5 ಅಥವಾ 12 ವೋಲ್ಟಿನ ಮುಚ್ಚಿದ ಅಡಾಪ್ಟರನ್ನು ಕೊಂಡು, ತಮ್ಮ ತಂತಿಯ ಕೆಲಸವನ್ನು ಅಲ್ಲಿಂದೀಚೆಗೆ ಆರಂಭಿಸಲಿ.