ಹರೆಯದ ಹಾರ್ಮೋನು, ಮುಪ್ಪಿನ ಮೂಳೆ



ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಯ ಸೊಂಟದ ಮೂಳೆ ಮುರಿದರೆ ನಾವು ವಯಸ್ಸನ್ನು ದೂರುತ್ತೇವೆ. ಆದರೆ ಆ ಮೂಳೆಯ ಗಟ್ಟಿತನ ಬಹುಮಟ್ಟಿಗೆ ನಿರ್ಧಾರವಾದದ್ದು ಅಜ್ಜಿಯ ಹರೆಯದಲ್ಲಿ.

ಮೂಳೆ ಜೀವಂತ ಅಂಗ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರೊಳಗೆ ಸದಾ ದುಡಿಯುತ್ತಿರುತ್ತವೆ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೊಜನ್ ಹಾರ್ಮೋನು. ಇಪ್ಪತ್ತರ ಹೊತ್ತಿಗೆ ಮೂಳೆಯ ಶೇಕಡಾ 90ರಷ್ಟು ಸಂಚಯ ಮುಗಿದಿರುತ್ತದೆ. ಮೂವತ್ತರ ಆಸುಪಾಸಿಗೆ ಅದು ತುತ್ತತುದಿ ಮುಟ್ಟುತ್ತದೆ. ಆಮೇಲಿನ ಬದುಕೆಲ್ಲ ಆ ಇಡುಗಂಟಿನಿಂದಲೇ ಸಾಗಬೇಕು. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಂತೂ ಅದು ಬಲುಬೇಗ ಕರಗುತ್ತದೆ.

ಈಸ್ಟ್ರೊಜನ್ ಹೆಂಗಸರಿಗೆ ಮಾತ್ರ ಬೇಕಾದದ್ದು ಎಂಬ ನಂಬಿಕೆಯನ್ನು 1994ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಒಂದು ಪ್ರಕರಣ ಅಲುಗಿಸಿತು. 28 ವರ್ಷದ ಒಬ್ಬ ಯುವಕ, ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಅವನ ಟೆಸ್ಟೊಸ್ಟೆರಾನ್ ಸರಿಯಾಗಿಯೇ ಇತ್ತು. ಆದರೆ ಜನ್ಮತಃ ಬಂದ ದೋಷದಿಂದ ಅವನ ದೇಹಕ್ಕೆ ಈಸ್ಟ್ರೊಜನ್ ನಾಟುತ್ತಿರಲಿಲ್ಲ. ಮೂಳೆಗಳು ಬಲಿಯದೆ ಟೊಳ್ಳಾಗಿದ್ದವು. ಗಂಡಸಿನ ಮೂಳೆಗೂ ಈಸ್ಟ್ರೊಜನ್ ಬೇಕೆಂಬುದು ಅಲ್ಲಿ ಸ್ಪಷ್ಟವಾಯಿತು. ಗಂಡಸರ ದೇಹದಲ್ಲಿ ಅದು ತಯಾರಾಗುವುದು ಟೆಸ್ಟೊಸ್ಟೆರಾನ್‌ನಿಂದಲೇ.

ಹಾಗಾದರೆ ಮುಪ್ಪಿನಲ್ಲಿ ಹಾರ್ಮೋನು ಮಾತ್ರೆ ನುಂಗಿದರಾಗದೇ? ಅಮೆರಿಕದಲ್ಲಿ ಮುಟ್ಟು ನಿಂತ ಸುಮಾರು 16,600 ಮಹಿಳೆಯರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆ ಪಡೆದವರಲ್ಲಿ ಮೂಳೆ ಮುರಿತ ಕಡಿಮೆಯಾಯಿತು, ನಿಜ. ಆದರೆ ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯು ಹೆಚ್ಚಿದ್ದರಿಂದ 2002ರಲ್ಲಿ ಅದನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಇಂದಿಗೂ ಕೆಲವರಿಗೆ ವೈದ್ಯರು ಈ ಚಿಕಿತ್ಸೆ ಕೊಡುತ್ತಾರೆ, ಅಪಾಯವನ್ನು ತೂಗಿ ನೋಡಿಯೇ ಕೊಡುತ್ತಾರೆ. ಹರೆಯದಲ್ಲಿ ಕಟ್ಟದೆ ಬಿಟ್ಟ ಮೂಳೆಯನ್ನು ಮುಪ್ಪಿನಲ್ಲಿ ಪೂರ್ತಿ ಕಟ್ಟಿಕೊಡುವ ಮದ್ದು ಅದಲ್ಲ.

ಆದ್ದರಿಂದ ಹರೆಯದವರಲ್ಲಿ, ಅವರ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ತೆಳ್ಳಗಾಗಲು ಊಟ ಬಿಟ್ಟೋ, ಅತಿಯಾಗಿ ವ್ಯಾಯಾಮ ಮಾಡಿಯೋ ಮೂರು ತಿಂಗಳು ಮುಟ್ಟು ನಿಂತರೆ, ಅದು ಈಸ್ಟ್ರೊಜನ್ ಕುಸಿದಿರುವ ಸೂಚನೆಯಾಗಿರಬಹುದು, ವೈದ್ಯರನ್ನು ಕಾಣಿ. ಮೈಕಟ್ಟಿಗಾಗಿ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ದೇಹ ತನ್ನದೇ ಟೆಸ್ಟೊಸ್ಟೆರಾನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಆ ಗೀಳು ಬೇಡ. ರಾಗಿ, ಹಾಲು, ಮೊಸರು, ಸೊಪ್ಪು ತಟ್ಟೆಯಲ್ಲಿರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನವೂ ಬಿಸಿಲಿಗೆ ಮೈಯೊಡ್ಡಿ, ಓಡಿ, ಭಾರ ಎತ್ತಿ. ಎಪ್ಪತ್ತರಲ್ಲಿ ನೆಟ್ಟಗೆ ನಡೆಯಬೇಕೆಂದರೆ ಇಪ್ಪತ್ತರಲ್ಲೇ ಮೂಳೆಯನ್ನು ಗಟ್ಟಿ ಮಾಡಿಕೊಳ್ಳಿ.